ಅಡಿಕೆ ತೋಟದ ಪಕ್ಕ ಆಸ್ಪರಾಗಸ್ ಹಾಕಿದ್ದೆ, ಮಳೆ ಹಿಡೀತಿದ್ದ ಹಾಗೆ ಅರ್ಧ ಗಿಡ ಕೊಳ್ತು, ಯಾರಾದ್ರೂ ಬೆಳೆದೋರು ಇದ್ದೀರಾ?

ತುಂಗಾತೀರ:

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ದು ಎರಡೂವರೆ ಎಕರೆ ಅಡಿಕೆ, ಮಧ್ಯ ಕಾಳುಮೆಣಸು, ಬಾಳೆ, ಮಾಮೂಲಿ ಸಂಸಾರ. ಹೋದ್ವರ್ಷ ಮೇ ತಿಂಗಳಲ್ಲಿ ನಾನೂ ನನ್ ಹೆಂಡ್ತಿನೂ ಜರ್ಮನಿಗೆ ತಂಗಿ ಮನೆಗೆ ಹೋಗಿದ್ವಿ. ಅಲ್ಲಿ ಎಲ್ ನೋಡಿದ್ರೂ ಆಸ್ಪರಾಗಸ್ ಅನ್ನೋ ತರಕಾರಿಯ ಬಿಳೀ ಬಿಳೀ ಕೋಲು, ಸಂತೇಲಿ ರಾಶಿ ರಾಶಿ, ಹೋಟ್ಲಲ್ಲಿ ಅದಕ್ಕೇ ಬೇರೆ ಮೆನು ಕಾರ್ಡು, ನಮ್ಮಲ್ಲಿ ಮಳೆಗಾಲ ಶುರುವಾದ್ರೆ ಕಳಲೆಗೆ ಜನ ಹೆಂಗೆ ಬೀಳ್ತಾರೋ ಅದರ ಹತ್ತರಷ್ಟು. ಜೂನ್ 24 ಬಂತು ಅಂದ್ರೆ ಕೊಯ್ಯೋದು ನಿಲ್ಸಿಬಿಡ್ತಾರೆ ಅಂತ ತಂಗಿ ಹೇಳಿದ್ಲು, ಅದ್ಯಾಕೆ ಅಂತ ಅವ್ಳಿಗೂ ಗೊತ್ತಿಲ್ಲ.

ತಲೇಲಿ ಹುಳ ಹೊಕ್ತು. ವಾಪಸ್ ಬಂದ್ಮೇಲೆ ಆನ್‌ಲೈನಲ್ಲಿ ಬೀಜ ತರ್ಸಿ ಜನವರೀಲಿ ಟ್ರೇಗೆ ಹಾಕ್ದೆ, 40ರಲ್ಲಿ 28 ಹುಟ್ತು, ಮೇ ಕೊನೇಲಿ ತೋಟದ ಅಂಚಲ್ಲಿ ಬಸಿಗಾಲುವೆ ಪಕ್ಕ ನೆಟ್ಟೆ. ಈಗ ಆಗಸ್ಟು, 13 ಗಿಡ ಉಳ್ದಿದಾವೆ, ಮಿಕ್ಕಿದ್ದು ಬುಡ ಕೊಳ್ತು ಮಲಗ್ಬಿಟ್ವು. ಉಳ್ದಿರೋದ್ರಲ್ಲೂ ಕೋಲು ಅನ್ನೋದು ಕಾಣಲ್ಲ, ಕೂದ್ಲು ಥರ ಸಣ್ಣ ಸಣ್ಣ ಎಲೆ ಬಿಟ್ಕೊಂಡು ಪೊದೆ ಆಗಿದೆ ಅಷ್ಟೇ. ಅಪ್ಪ ಅಂತೂ ನೋಡಿದ್ದೇ "ಇದಕ್ಕೆ ದುಡ್ಡು ಕೊಟ್ಟು ಬೀಜ ತರ್ಸಿದ್ಯೇನೋ, ಹಲವು ಮಕ್ಕಳ ತಾಯಿ ಬೇರಲ್ವನೋ ಇದು, ಮೇಲಿನ ಧರೆ ಮೇಲೆ ಬೇಕಾದಷ್ಟಿದೆ" ಅಂತ ಶುರು ಹಚ್ಕೊಂಡಿದಾರೆ. ಎರಡೂ ಒಂದೇನಾ? ಒಂದೇ ಆದ್ರೆ ಧರೆ ಮೇಲಿಂದೇ ಕುಡಿ ಮುರಿದು ತಿನ್ಬಹುದಲ್ಲ?

ಇನ್ನೊಂದು, ಕೇಳೋಕೆ ಮುಜುಗರ, ಆದ್ರೂ ಕೇಳ್ತೀನಿ. ಅಲ್ಲಿ ಅದನ್ನ ತಿಂದ ದಿನ ಮೂತ್ರಕ್ಕೆ ಒಂಥರಾ ಕೆಟ್ಟ ವಾಸನೆ ಬಂತು, ನಾನು ಕಿಡ್ನಿದೇ ಏನೋ ಆಯ್ತು ಅಂತ ಹೆದ್ರಿ ರಾತ್ರಿ ಪೂರ್ತಿ ನೀರು ಕುಡ್ಕೊಂಡು ಕೂತಿದ್ದೆ. ಹೆಂಡ್ತಿ ಹತ್ರ ಕೇಳಿದ್ರೆ ನಂಗೇನೂ ಇಲ್ಲ ನಿಮ್ದು ಬರೀ ಭ್ರಮೆ ಅಂತಾಳೆ. ಗೊತ್ತಿದ್ದೋರು ಹೇಳಿ.

ಹೆಗ್ಗೋಡು ಹಿತ್ತಲು:

ಬಸಿಗಾಲುವೆ ಪಕ್ಕ ಅಂದ್ರಲ್ಲ, ಅಲ್ಲೇ ನೋಡಿ ಕೆಟ್ಟಿದ್ದು. ನಾನು ಈ ಗಿಡಕ್ಕೆ ಬಿದ್ದು ಐದನೇ ವರ್ಷ, ಮೊದಲ ಸಲ ನಂದೂ ಸೇಮ್ ಕಥೆ, ಒಂದೂ ಉಳೀಲಿಲ್ಲ, ನಿಮ್ದು 13 ಉಳ್ದಿದೆ ಅಂದ್ರೆ ನೀವೇ ವಾಸಿ ಮಾರಾಯ್ರೆ.

ಮೊದ್ಲು ಆ ಕೂದ್ಲೆಲೆ ವಿಷಯ. ಅದು ಎಲೆ ಅಲ್ಲ. ಈ ಗಿಡದ ನಿಜವಾದ ಎಲೆ ಅಂದ್ರೆ ಕೋಲಿನ ಮೇಲೆ ತ್ರಿಕೋನದ ಥರ ಅಂಟ್ಕೊಂಡಿರೋ ಸಣ್ಣ ಹೊಟ್ಟಿನಂಥ ಪೊರೆ ಇರ್ತದಲ್ಲ, ಅದು, ಯಾವ ಕೆಲ್ಸಕ್ಕೂ ಬಾರದ್ದು. ಹಸಿರಾಗಿ ಸೂಜಿ ಥರ ಕಾಣೋದೆಲ್ಲ ಸಣ್ಣ ಸಣ್ಣ ಕಾಂಡಗಳೇ, ಎಲೆ ಕೆಲ್ಸ ಅವು ಮಾಡ್ತಾವೆ. ನಾವು ತಿನ್ನೋ ಕೋಲು ಅಂದ್ರೆ ಇದೇ ಪೊದೆ ಇನ್ನೂ ಬಿಚ್ಚದೆ ಮುಚ್ಕೊಂಡಿರೋ ಹಂತ, ಕಳಲೆ ಬಿಟ್ರೆ ಬಿದಿರಾಗೋದಿಲ್ವ, ಹಾಗೇ. ಹಾಗಾಗಿ ನಿಮ್ಮ ಗಿಡದಲ್ಲಿ ಕೋಲು ಬಂದಿಲ್ಲ ಅಂತಲ್ಲ, ಬಂದಿದೆ, ಮೊದಲ ವರ್ಷದ್ದು ಕಡ್ಡಿಯಷ್ಟು ಸಣ್ಣ ಇರ್ತದೆ, ನಿಮ್ಮ ಕಣ್ಣಿಗೆ ಬೀಳೋದ್ರೊಳಗೆ ಬಿಚ್ಕೊಂಡಿದೆ.

ನೆಲದಡಿ ಒಂದು ಗೆಡ್ಡೆ ಥರದ ಬುಡ ಇರ್ತದೆ, ಅದ್ರಿಂದ ದಪ್ಪ ದಪ್ಪ ಬೇರು ಎಲ್ಲಾ ಕಡೆಗೂ. ಮೇಲಿನ ಪೊದೆ ಬಿಸಿಲು ತಿಂದು ಮಾಡಿದ ಸಕ್ಕರೆ ಎಲ್ಲ ಆ ಬೇರಲ್ಲಿ ಶೇಖರಣೆ. ಮುಂದಿನ ಕೋಲು ದಪ್ಪ ಬರೋದು ಆ ಗಂಟಿಂದಲೇ. ಅದಕ್ಕೇ ಮೊದಲ ವರ್ಷ ಒಂದೂ ಮುರೀಬೇಡಿ, ಎರಡನೇ ವರ್ಷ ಆಸೆಗೆ ನಾಲ್ಕು, ಮೂರನೇ ವರ್ಷದಿಂದ ಕೊಯ್ಲು. ಜರ್ಮನಿಯವ್ರು ಜೂನ್ 24ಕ್ಕೆ ನಿಲ್ಸೋದೂ ಇದೇ ಲೆಕ್ಕ. ಆ ದಿನ ಅವ್ರಿಗೆ ಸಂತ ಯೋಹಾನನ ಹಬ್ಬ, ಆದ್ರೆ ಒಳಗಿನ ವಿಷಯ ಏನಪ್ಪ ಅಂದ್ರೆ ಆಮೇಲೆ ಬರೋ ಕೋಲನ್ನೆಲ್ಲ ಪೊದೆ ಆಗೋಕೆ ಬಿಡ್ಬೇಕು, ಇಲ್ದಿದ್ರೆ ಚಳಿಗಾಲಕ್ಕೆ ಬೇರಲ್ಲಿ ಗಂಟಿರಲ್ಲ. ಸರಿಯಾಗಿ ನೋಡ್ಕೊಂಡ್ರೆ ಒಂದು ಮಡಿ 15-20 ವರ್ಷ ಬದುಕ್ತದೆ. ನೀವು ನೋಡಿದ ಬಿಳೀದೂ ಇದೇ ಗಿಡ. ಮೇಲೆ ಮಣ್ಣು ಏರಿ ಬೆಳಕು ತಾಗದ ಹಾಗೆ ಇಟ್ರೆ ಬಿಳಿ, ಬಿಟ್ರೆ ಹಸಿರು.

ಈಗ ನಮ್ಮ ಗೋಳಿಗೆ ಬರ್ತೀನಿ. ಈ ಗಿಡದ ಮೂಲ ಯುರೋಪು, ಪಶ್ಚಿಮ ಏಷ್ಯಾ ಕಡೆ, ನದಿ ದಂಡೆ, ಸಮುದ್ರದ ದಂಡೆಯ ಮರಳು ಮಣ್ಣು. ಉಪ್ಪನ್ನ ಕೂಡ ತಡ್ಕೊಳ್ತದೆ, ಹಿಂದೆ ಕಳೆ ಸಾಯ್ಲಿ ಅಂತ ಈ ಮಡಿಗೆ ಉಪ್ಪು ಎರಚ್ತಿದ್ರು. ತಡ್ಕೊಳ್ದೇ ಇರೋದು ಎರಡೇ, ಬುಡದಲ್ಲಿ ನೀರು ನಿಲ್ಲೋದು, ಮಣ್ಣಲ್ಲಿ ಹುಳಿ. ನಮ್ಮಲ್ಲಿ ಎರಡೂ ಧಾರಾಳ! ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಹತ್ರ ಸುರೀತದೆ, ನಿಮ್ಮಲ್ಲಿ ಅಷ್ಟಿಲ್ದೆ ಇರಬಹುದು, ಆದ್ರೂ ಈ ಗಿಡಕ್ಕೆ ಅದು ಜಲಸಮಾಧಿನೇ. ಮಣ್ಣಿನ ಪಿಹೆಚ್ 6.5ರಿಂದ 7.5 ಬೇಕು ಇದಕ್ಕೆ. ನಾನು ಟೆಸ್ಟ್ ಮಾಡ್ಸಿದಾಗ ನಮ್ ಹಿತ್ತಲದ್ದು 5.2 ಬಂತು. ಕೊಳ್ತಿದ್ದು ಫೈಟಾಫ್ತೊರಾ ಇರಬಹುದು, ನಮ್ಮ ಅಡಿಕೆ ಕೊಳೆ ತರೋ ರೋಗಾಣುವಿನ ಕುಲದ್ದೇ, ಇಲ್ಲಾಂದ್ರೆ ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಕಿತ್ತು ನೋಡಿ, ಬೇರು ಮೆತ್ತಗಾಗಿ ನೀರು ಕುಡ್ದ ಥರ ಇದ್ರೆ ಮೊದಲನೇದು, ಕಂದು ಬಣ್ಣಕ್ಕೆ ತಿರುಗಿ ಟೊಳ್ಳು ಟೊಳ್ಳಾಗಿದ್ರೆ ಎರಡನೇದು, ಕಣ್ಣಲ್ಲಿ ನೋಡಿ ಖಡಾಖಂಡಿತ ಹೇಳಕ್ಕಾಗಲ್ಲ ಆದ್ರೂ.

ನಾನೀಗ ಮಾಡಿರೋದು ಇಷ್ಟು, ಅಂಗಳದಲ್ಲಿ ಅಡಿಕೆ ಒಣಗಿಸೋಕೆ ಪಾಲಿಥೀನ್ ಚಪ್ಪರ ಇದ್ಯಲ್ಲ, ಅದ್ರದ್ದೇ ಒಂದು ತುಂಡು ಇಳಿಸಿ ಅದ್ರಡಿ ಎರಡಡಿ ಎತ್ತರದ ಮಡಿ, ಹೊಳೆ ಮರಳು, ಹಳೇ ಕೊಟ್ಟಿಗೆ ಗೊಬ್ಬರ, ಟೆಸ್ಟ್ ರಿಪೋರ್ಟಲ್ಲಿ ಹೇಳಿದಷ್ಟು ಸುಣ್ಣ. ಬದಿಗೆ ಪಾಲಿಥೀನ್ ಇಲ್ಲ, ಗಾಳಿ ಆಡ್ಬೇಕು. ಒಟ್ಟು 22 ಗಿಡ ಇದೆ. ಮಳೆ ತಡೆದಿದ್ದೇ ತಡ ರೋಗ ಮುಕ್ಕಾಲು ಪಾಲು ಹೋಯ್ತು, ಔಷಧಿ ಹೊಡೀದೆನೇ.

ಇನ್ನೊಂದು ಮರೆತೆ. ಅಲ್ಲಿ ಹಿಮ ಬಿದ್ದು ಗಿಡ ಒಣಗಿ ಮಲಗಿ ಎದ್ದು ವಸಂತದಲ್ಲಿ ಒಟ್ಟಿಗೇ ಕೋಲು ಬಿಡ್ತದೆ. ನಮ್ಮಲ್ಲಿ ಆ ನಿದ್ದೆ ಇಲ್ಲ, ವರ್ಷ ಪೂರ್ತಿ ಒಂದೊಂದೇ ಬರ್ತಾ ಇರ್ತದೆ. ಥಾಯ್ಲೆಂಡು, ತೈವಾನಲ್ಲೂ ಹಿಂಗೇ, ಅಲ್ಲಿಯವ್ರು ಬುಡಕ್ಕೆ ನಾಲ್ಕೈದು ಕಾಂಡ ತಾಯಿ ಅಂತ ಬಿಟ್ಟು ಸುತ್ತ ಬರೋ ಕೋಲು ಮಾತ್ರ ಕೊಯ್ತಾರೆ, ತಾಯಿ ಮುದಿಯಾದಾಗ ಹೊಸದನ್ನ ಬಿಡ್ತಾರೆ. ನಾನೂ ಅದನ್ನೇ ಮಾಡ್ತಿರೋದು. ನಿಮ್ಮ ಗಿಡ ಹೂ ಬಿಟ್ಟಿದ್ಯಾ? ಇದ್ರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ, ಪಪ್ಪಾಯ ಥರ. ಹೆಣ್ಣಲ್ಲಿ ಕೆಂಪು ಹಣ್ಣಾಗ್ತದೆ, ಗಿಡದ ಶಕ್ತಿ ಬೀಜಕ್ಕೆ ಹೋಗ್ತದೆ, ಕೋಲು ಕಮ್ಮಿ. ಗಂಡೇ ಲಾಭ ಇಲ್ಲಿ, ಅದಕ್ಕೇ ಬರೀ ಗಂಡು ಗಿಡ ಬರೋ ಹೈಬ್ರಿಡ್ ಬೀಜನೂ ಮಾರ್ತಾರೆ. ಹಣ್ಣು ತಿನ್ನೋದಲ್ಲ, ಮಕ್ಕಳಿದ್ರೆ ಹುಷಾರು.

ಬೆಟ್ಟದ ಬೇರು:

ತುಂಗಾತೀರ ಅವ್ರೆ, ನಿಮ್ಮ ಅಪ್ಪಯ್ಯ ಪೂರ್ತಿ ತಪ್ಪಲ್ಲ. ಧರೆ ಮೇಲಿರೋದು ಶತಾವರಿ, ನೀವು ನೆಟ್ಟಿದ್ದರ ಕುಲವೇ, ಆಸ್ಪರಾಗಸ್ ರೆಸಿಮೋಸಸ್ ಅಂತ, ನಿಮ್ಮದು ಆಸ್ಪರಾಗಸ್ ಅಫಿಶಿನಾಲಿಸ್. ದೊಡ್ಡಪ್ಪನ ಮಗ ಅಂದ್ಕೊಳ್ಳಿ. ನೋಡೋಕೆ ಒಂದೇ ಥರ ಆದ್ರೂ ಶತಾವರಿಗೆ ಹಿಂದಕ್ಕೆ ಬಾಗಿದ ಮುಳ್ಳಿದೆ, ಬಳ್ಳಿ ಆಗಿ ಮರ ಹತ್ತತ್ತೆ, ಹೂ ಬಿಳಿ, ಒಳ್ಳೇ ಪರಿಮಳ, ಒಂದೇ ಹೂವಲ್ಲಿ ಗಂಡು ಹೆಣ್ಣು ಎರಡೂ. ನಿಮ್ಮದಕ್ಕೆ ಮುಳ್ಳಿಲ್ಲ. ಬೊಕೆಗೆ ಹಾಕ್ತಾರಲ್ಲ ಹಸಿರು ಪಂಖ ಥರ, ಅದೂ ಇದೇ ಕುಲ, ಜರೀಗಿಡ ಅಂದ್ಕೊಂಡಿರ್ತಾರೆ ಜನ. ಮೊದ್ಲು ಇವನ್ನೆಲ್ಲ ಲಿಲ್ಲಿ ಕುಟುಂಬಕ್ಕೆ ಸೇರಿಸಿದ್ರು, ಈಗ ಬೇರೆ ಕುಟುಂಬ ಮಾಡಿದಾರೆ, ಅದ್ರಲ್ಲಿ ನಮ್ಮ ಬೇಲಿ ಕತ್ತಾಳೆ, ಸುಗಂಧರಾಜ ಎಲ್ಲಾ ಬಂದ್ಬಿಟ್ಟಿದಾವೆ. ಕತ್ತಾಳೆಗೂ ಇದಕ್ಕೂ ಎಂತ ಸಂಬಂಧ ಅಂತ ನಂಗೂ ಮೊದ್ಲು ನಗು ಬಂದಿತ್ತು, ಆಮೇಲೆ ಕತ್ತಾಳೆಯ ಆ ಉದ್ದ ಹೂಗೋಲು ಮೇಲೆ ಬರೋದನ್ನ ನೋಡಿದ್ಮೇಲೆ, ದೊಡ್ಡ ಆಸ್ಪರಾಗಸ್ ಕೋಲೇ ಅದು, ನೀವೂ ನೋಡಿ ಒಂದ್ಸಲ.

ಶತಾವರೀಲಿ ನಾವು ಬಳಸೋದು ಬೇರು. ಒಂದು ಬುಡದಡಿ ಬಿಳೀ ಗೆಡ್ಡೆ ಗೊಂಚಲು ಗೊಂಚಲು, ಒಂದೊಂದು ಗೇಣುದ್ದದಿಂದ ಮೊಳದವರೆಗೂ, ಹಲವು ಮಕ್ಕಳ ತಾಯಿ ಅಂತ ಹೆಸ್ರು ಬಂದಿದ್ದು ಅದಕ್ಕೇ. ಆಷಾಢಿ ಬೇರು, ಮಜ್ಜಿಗೆ ಗೆಡ್ಡೆ ಅಂತಾನೂ ಅಂತಾರೆ. ನಮ್ಮಜ್ಜಿ ಬಾಣಂತೀರಿಗೆ ಹಾಲಾಗ್ಲಿ ಅಂತ ಕೊಡ್ತಿದ್ರು, ಹಸುವಿಗೂ ತಿನ್ನಿಸ್ತಿದ್ರು. ಅದ್ರಲ್ಲಿರೋ ಕಹಿ ಸಪೋನಿನ್‌ಗಳಿಗೆ ಶತಾವರಿನ್ ಅಂತಲೇ ಹೆಸರಿಟ್ಟಿದಾರೆ, ನೀರಲ್ಲಿ ಕಲಕಿದ್ರೆ ನೊರೆ ಬರತ್ತೆ, ಅಂಟುವಾಳದ ಥರ, ಅಷ್ಟು ಜೋರಾಗಲ್ಲ. ಬೇಸಾಯ ಮಾಡೋದಾದ್ರೆ ಬೀಜದಿಂದ, ಮಳೆಗಾಲದ ಶುರುವಲ್ಲಿ ಏರು ಮಾಡಿ ನೆಟ್ರೆ ಒಂದೂವರೆ ಎರಡು ವರ್ಷಕ್ಕೆ ಅಗೀಬಹುದು. ನನ್ ಅನುಭವ ಕೇಳಿದ್ರೆ, ಅಗಿಯೋ ಮೊದ್ಲೇ ಹಂದಿ ಅಗ್ದಿರತ್ತೆ. ನಂದು ಅರ್ಧ ಸಾಲು ಒಂದೇ ರಾತ್ರೀಲಿ ಖಾಲಿ.

ಕುಡಿ ತಿನ್ಬಹುದಾ ಅಂದ್ರೆ, ತಿನ್ಬಹುದು, ಮಹಾರಾಷ್ಟ್ರದ ಕಡೆ ಮಳೆಗಾಲದಲ್ಲಿ ಕಾಡು ತರಕಾರಿ ಅಂತ ಎಳೇ ಕುಡಿ ಪಲ್ಯ ಮಾಡ್ತಾರೆ. ಆದ್ರೆ ಕಡ್ಡಿಯಷ್ಟು ಸಪೂರ, ಸ್ವಲ್ಪ ಕಹಿ, ಒಂದು ಪಲ್ಯಕ್ಕೆ ಬೆಟ್ಟ ಪೂರ್ತಿ ತಿರುಗ್ಬೇಕು. ಮತ್ತೆ ಒಂದು ಮಾತು, ಅಗಿಯೋದಾದ್ರೆ ಬುಡದ ಕಣ್ಣು ಇರೋ ಭಾಗ ಎರಡು ಬೇರಿನ ಸಮೇತ ವಾಪಸ್ ಮಣ್ಣಿಗಿಡಿ. ನಮ್ಮೂರ ಸೊಪ್ಪಿನ ಬೆಟ್ಟದಲ್ಲಿ ಮೊದ್ಲಿದ್ದಷ್ಟು ಈಗಿಲ್ಲ, ಚೀಲಗಟ್ಲೆ ಕಿತ್ಕೊಂಡು ಹೋಗಿ ಮಾರ್ತಿದ್ರು.

ಬೈಕ್ ಬಸ್ಯಾ:

ಆಸ್ಪರಾಗಸಲ್ಲಿ ಆಸ್ಪರಾಜಿನ್ ಅಂತ ಇರುತ್ತೆ ಬ್ರೋ ಅದಕ್ಕೇ ವಾಸ್ನೆ. ಕಿಡ್ನಿ ಸೇಫ್, ಆರಾಮಾಗಿರಿ 😄

ಕೆಮಿಸ್ಟ್ರಿ ಮೇಷ್ಟ್ರು:

ಬಸ್ಯಾ, ಕಿಡ್ನಿ ಸೇಫ್ ಅನ್ನೋದು ಸರಿ, ಕಾರಣ ತಪ್ಪು. ಆಸ್ಪರಾಜಿನ್‌ನಲ್ಲಿ ಗಂಧಕವೇ ಇಲ್ಲಪ್ಪ, ಆ ವಾಸನೆ ಎಲ್ಲಿಂದ ಬರುತ್ತೆ? (ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡೋನು, ತಿದ್ದೋ ಚಟ, ಬೇಜಾರ್ ಮಾಡ್ಕೋಬೇಡ.)

ಆಸ್ಪರಾಜಿನ್ ಒಂದು ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆಗಳಲ್ಲಿ ಒಂದು. 1806ರಲ್ಲಿ ಫ್ರಾನ್ಸಿನ ವೊಕ್ಲೆಂ ಮತ್ತು ರೊಬಿಕೆ ಅನ್ನೋರು ಈ ಗಿಡದ ರಸದಿಂದ ಹರಳು ಮಾಡಿ ತೆಗೆದ್ರು, ಮನುಷ್ಯ ಬೇರ್ಪಡಿಸಿದ ಮೊಟ್ಟಮೊದಲ ಅಮೈನೋ ಆಸಿಡ್ ಇದೇ, ಹೆಸರೂ ಗಿಡದ್ದೇ. ಆದ್ರೆ ಇದು ಈ ಗಿಡದ ಸ್ವಂತ ಆಸ್ತಿ ಏನಲ್ಲ, ಆಲೂಗಡ್ಡೇಲೂ ಇದೆ, ಮೊಳಕೆ ಕಾಳಲ್ಲೂ ಇದೆ, ಗಿಡಗಳು ಸಾರಜನಕವನ್ನ ಒಂದ್ ಕಡೆಯಿಂದ ಇನ್ನೊಂದ್ ಕಡೆ ಸಾಗ್ಸೋಕೆ ಇದನ್ನ ಗಾಡಿ ಥರ ಬಳಸ್ತವೆ. ಆಲೂಗಡ್ಡೆ ಚಿಪ್ಸ್ ಕರಿವಾಗ 120 ಡಿಗ್ರಿ ದಾಟಿದ ಮೇಲೆ ಇದೇ ಆಸ್ಪರಾಜಿನ್ ಸಕ್ಕರೆ ಜೊತೆ ಸೇರಿ ಅಕ್ರಿಲಮೈಡ್ ಅಂತ, ಕ್ಯಾನ್ಸರ್ ತರಬಹುದು ಅನ್ನೋ ಅನುಮಾನ ಇರೋ ವಸ್ತು ಆಗುತ್ತೆ, 2002ರಲ್ಲಿ ಸ್ವೀಡನ್ನಿನವರು ಆಹಾರದಲ್ಲಿ ಅದನ್ನ ಪತ್ತೆ ಮಾಡಿದಾಗ ದೊಡ್ಡ ಗದ್ದಲ ಆಗಿತ್ತು. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಆಸ್ಪರಾಜಿನೇಸ್ ಅನ್ನೋ ಕಿಣ್ವವನ್ನೇ ಔಷಧಿಯಾಗಿ ಕೊಡ್ತಾರೆ, ಆ ಕ್ಯಾನ್ಸರ್ ಕೋಶಗಳಿಗೆ ಆಸ್ಪರಾಜಿನ್ ಸ್ವಂತಕ್ಕೆ ಬೇಕಾದಷ್ಟು ಮಾಡ್ಕೊಳ್ಳೋಕೆ ಬರಲ್ಲ, ರಕ್ತದಲ್ಲಿರೋದನ್ನ ಒಡೆದು ಹಾಕಿದ್ರೆ ಹಸಿವಿಂದ ಸಾಯ್ತವೆ. ಎಲ್ಲಿಂದ ಎಲ್ಲಿಗೋ ಹೋದೆ, ಇರಲಿ.

ವಾಸನೆಗೆ ಕಾರಣ ಆಸ್ಪರಾಗುಸಿಕ್ ಆಸಿಡ್ ಅಂತ ಇನ್ನೊಂದು. ಇದು ಈ ಗಿಡದ್ದೇ ವಿಶೇಷ, ಐದು ಪರಮಾಣುಗಳ ಸಣ್ಣ ಉಂಗುರ, ಅದ್ರಲ್ಲಿ ಎರಡು ಗಂಧಕ ಪಕ್ಕಪಕ್ಕ. ಎಳೇ ಕೋಲಲ್ಲಿ ಜಾಸ್ತಿ. ನಮ್ಮ ದೇಹ ಇದನ್ನ ಒಡೆದಾಗ ಮೀಥೇನ್‌ಥಯಾಲ್, ಡೈಮೀಥೈಲ್ ಸಲ್ಫೈಡ್ ಥರದವು ಆಗ್ತವೆ, ಆವಿಯಾಗೋ ಸ್ವಭಾವ ಇರೋದ್ರಿಂದ ಸೀದಾ ಮೂಗಿಗೆ. ಅಡುಗೆ ಗ್ಯಾಸ್ ಸೋರಿದ್ರೆ ಗೊತ್ತಾಗ್ಲಿ ಅಂತ ಇಥೈಲ್ ಮರ್ಕಾಪ್ಟಾನ್ ಸೇರಿಸ್ತಾರಲ್ಲ, ಮೀಥೇನ್‌ಥಯಾಲ್ ಅಂದ್ರೆ ಅದರ ತಮ್ಮ, ಒಂದು ಇಂಗಾಲ ಕಮ್ಮಿ. ತಿಂದು ಅರ್ಧ ಗಂಟೆಯೊಳಗೇ ಬರಬಹುದು. 1781ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಇದ್ರ ಬಗ್ಗೆ ಬರೆದಿದಾನೆ, ಹಂಗಾಗಿ ನೀವು ಮುಜುಗರ ಪಡಬೇಕಾಗಿಲ್ಲ.

ಇನ್ನು ಗಂಡ ಹೆಂಡ್ತಿ ಜಗಳ. ನಿಮ್ದು ಭ್ರಮೆ ಅಲ್ಲ, ಅವರು ಸುಳ್ಳೂ ಹೇಳ್ತಿಲ್ಲ. ಈ ವಾಸನೆ ಹಿಡಿಯೋ ಶಕ್ತಿ ಎಲ್ಲರಿಗೂ ಇರಲ್ಲ, ಮೂಗಿನ ಗ್ರಾಹಕಗಳ ಜೀನು ಇರೋ ಜಾಗದಲ್ಲೇ ವ್ಯತ್ಯಾಸ ಇರುತ್ತೆ, ಒಂದನೇ ಕ್ರೋಮೋಸೋಮಲ್ಲಿ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅದು ಯುರೋಪ್ ಮೂಲದ ಅಮೆರಿಕನ್ನರ ಮೇಲೆ ಮಾಡಿದ್ದು, 100ಕ್ಕೆ 60 ಜನಕ್ಕೆ ವಾಸನೆ ಗೊತ್ತಾಗಲ್ಲ ಅಂತ ಬಂತು. ಕೆಲವರ ದೇಹ ಆ ವಾಸನೆಯನ್ನೇ ಕಮ್ಮಿ ಮಾಡೋದೂ ಇದೆ. ನಿಮ್ಮಲ್ಲಿ ಯಾವುದು ಅಂತ ತಿಳೀಬೇಕಾದ್ರೆ ಒಬ್ಬರದ್ದನ್ನ ಇನ್ನೊಬ್ಬರು ಮೂಸಿ ನೋಡ್ಬೇಕು, ಆ ಪ್ರಯೋಗ ಮಾಡಿ ಅಂತ ನಾನಂತೂ ಹೇಳಲ್ಲ.

ಅಮ್ಮಿಕಲ್ಲು:

ಬೆಟ್ಟದ ಬೇರು ಅಣ್ಣ ಮಜ್ಜಿಗೆ ಗೆಡ್ಡೆ ಅಂದಿದ್ದಕ್ಕೆ ನೆನಪಾಯ್ತು, ನಮ್ಮತ್ತೆ ಶತಾವರಿ ಬೇರಿನ ತಂಬುಳಿ ಮಾಡ್ತಿದ್ರು. ಬೇರಿನ ಸಿಪ್ಪೆ ಸುಲ್ದು ಮಧ್ಯದ ನಾರು ಎಳ್ದು ಹಾಕ್ಬೇಕು, ಅದೇ ದೊಡ್ಡ ಕೆಲ್ಸ, ಆಮೇಲೆ ತುಪ್ಪದಲ್ಲಿ ಜೀರಿಗೆ ಕಾಳುಮೆಣಸಿನ ಜೊತೆ ಬಾಡ್ಸಿ ಕಾಯಿ ಹಾಕಿ ರುಬ್ಬಿ ಮಜ್ಜಿಗೆ. ಬಿಸಿ ಅನ್ನಕ್ಕೆ ಚೆನ್ನಾಗಿರ್ತದೆ.

ಅಂಗಡಿ ಆಸ್ಪರಾಗಸ್ಸು ಮಗ ಬೆಂಗಳೂರಿಂದ ಒಂದ್ಸಲ ತಂದಿದ್ದ, ಸಣ್ಣ ಕಟ್ಟಿಗೆ 180 ಅಂತೆ, ಎದೆ ಧಸಕ್ ಅಂತು. ನಂಗೆ ಅರಿಯದೆ ಕಳಲೆ ಥರ ಹೆಚ್ಚಿ ನೀರಲ್ಲಿ ನೆನೆ ಹಾಕ್ಬಿಟ್ಟೆ! ಕಳಲೇಲಿ ವಿಷದ ಅಂಶ ಹೋಗ್ಬೇಕು ಅಂತ ನೆನೆಸೋದು, ಇದಕ್ಕೆ ಅದೆಲ್ಲ ಬೇಡ್ವಂತೆ, ಇದ್ದ ರುಚಿನೂ ನೀರಿಗೆ ಹೋಯ್ತು. ಎರಡನೇ ಸಲ ತಂದಾಗ ಬುಡ ಹಿಡ್ದು ಬಗ್ಗಿಸ್ದೆ, ಎಲ್ಲಿ ಪಟ್ ಅಂತ ಮುರೀತೋ ಅಲ್ಲಿಂದ ಮೇಲಿಂದು ಪಲ್ಯಕ್ಕೆ, ಕೆಳಗಿನ ನಾರು ಸಾರಿಗೆ ಬೇಯ್ಸಿ ಸೋಸಿದೆ. ಸಾಸ್ವೆ ಒಣಮೆಣ್ಸು ಒಗ್ಗರಣೆ, ಮೂರು ನಿಮ್ಷ ಬಾಡ್ಸಿದ್ರೆ ಸಾಕು, ಕಾಯಿತುರಿ. ಬೀನ್ಸಿಗೂ ಎಳೇ ಬಟಾಣಿಗೂ ಮಧ್ಯದ ರುಚಿ. ಅಷ್ಟೊಂದು ದುಡ್ಡಿನ ರುಚಿ ಏನಲ್ಲ ಅಂತ ನನ್ನ ಅಭಿಪ್ರಾಯ, ಯಾರೂ ಬೈಬೇಡಿ.

ಹೆಗ್ಗೋಡು ಹಿತ್ತಲು:

ಅಕ್ಕ, ಅಂಗಡಿಗೆ ಬರೋವಷ್ಟರಲ್ಲಿ ಅದ್ರ ಜೀವ ಹೋಗಿರ್ತದೆ. ಕೊಯ್ದ ಮೇಲೂ ಜೋರಾಗಿ ಉಸಿರಾಡ್ತಾನೇ ಇರ್ತದೆ ಅದು, ಒಳಗಿನ ಸಕ್ಕರೆ ಸುಡ್ತದೆ, ಬುಡದಿಂದ ನಾರು ಮೇಲಕ್ಕೆ ಏರ್ತದೆ. ಗಿಡದಿಂದ ಮುರಿದು ಅಲ್ಲೇ ಹಸೀದು ತಿಂದ್ರೆ ಸಿಹಿ. ತಂದದ್ದನ್ನ ಹೂವಿನ ಥರ ಲೋಟದಲ್ಲಿ ಒಂದಿಂಚು ನೀರಿಟ್ಟು ನಿಲ್ಸಿ ಫ್ರಿಜ್ಜಲ್ಲಿಡಿ, ಒಂದೆರಡು ದಿನ ಜಾಸ್ತಿ ತಡೀತದೆ.

ಶಿಕಾರಿಪುರದವ:

ನಾನು ಸ್ವಲ್ಪ ತಣ್ಣೀರು ಎರಚ್ತೀನಿ. ಹವ್ಯಾಸಕ್ಕೆ ಓಕೆ, ದುಡ್ಡಿಗೆ ಅಂತ ಯಾರೂ ಮಲ್ನಾಡಲ್ಲಿ ಎಕರೆಗಟ್ಲೆ ಹಾಕೋಕೆ ಹೋಗ್ಬೇಡಿ, ಮೂರು ವರ್ಷ ಕಾಯ್ಬೇಕು, ಚಪ್ಪರದ ಖರ್ಚು, ದಿನಾ ಬೆಳಿಗ್ಗೆ ಕೊಯ್ಯೋಕೆ ಜನ (ಬಿಸಿಲಿದ್ರೆ ಒಂದೇ ದಿನದಲ್ಲಿ ಗೇಣು ಹತ್ರ ಬೆಳೆಯುತ್ತೆ, ಇವತ್ತು ಬಿಟ್ರೆ ನಾಳೆ ತಲೆ ಬಿಚ್ಚಿರುತ್ತೆ), ತಣ್ಣಗೆ ಬೆಂಗಳೂರು ಮುಟ್ಟಿಸ್ಬೇಕು, ಅಲ್ಲಿ ತಗೊಳ್ಳೋನು ಕಟ್ಟು ಒಂದೇ ದಪ್ಪ ಇಲ್ಲ ಅಂತ ವಾಪಸ್ ಕಳಿಸ್ತಾನೆ. ನನ್ನ ಸ್ನೇಹಿತ ಒಬ್ಬ ಇದೇ ಥರ ಬೇರೆ ಒಂದು ವಿದೇಶಿ ತರಕಾರಿ ಹಾಕಿ ಕೊನೆಗೆ ದನಕ್ಕೆ ಹಾಕ್ದ. ನಮ್ಮ ಕಡೆ ಮಳೆ ನಿಮ್ಮಷ್ಟಿಲ್ಲ, ಮಣ್ಣೂ ಬೇರೆ, ಬೆಳೆಯೋದಾದ್ರೆ ಈ ಕಡೆ ಸುಲಭ ಆಗ್ಬಹುದು, ಆದ್ರೂ ನಾನು ಶುಂಠಿ ಜೋಳ ಬಿಟ್ಟು ಕದಲಲ್ಲ. ಯಾವುದಕ್ಕೂ ಶಿವಮೊಗ್ಗದ ನವಿಲೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಣ್ಣು ತೋರ್ಸಿ, ಕೊಳ್ತ ಗಿಡನೂ ಒಂದು ಕವರಲ್ಲಿ ತಗೊಂಡೋಗಿ.

ತುಂಗಾತೀರ:

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಮೇಷ್ಟ್ರು ಬರ್ದಿದ್ದನ್ನ ಹೆಂಡ್ತಿಗೆ ಓದಿ ಹೇಳ್ದೆ, "ಹಂಗಾದ್ರೆ ನನ್ ಮೂಗೇ ಒಳ್ಳೇದು" ಅಂದ್ಲು.

ಇವತ್ತು ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯ್ತು, ಸತ್ತ ಗಿಡದಲ್ಲಿ ಎರಡು ಕಿತ್ತು ನೋಡ್ದೆ, ಬೇರು ಹಿಚುಕಿದ್ರೆ ನೀರು ಬರತ್ತೆ, ಸಿಪ್ಪೆ ಕಳಚಿ ಬಂತು. ಹೆಗ್ಗೋಡಿನವ್ರು ಹೇಳಿದ ಮೊದಲನೇದೇ ಇರ್ಬೇಕು, ಶಿವಮೊಗ್ಗಕ್ಕೆ ಹೋಗೋ ದಿನ ತಗೊಂಡೋಗ್ತೀನಿ. ಉಳ್ದಿದ್ದು 13 ಅಂದಿದ್ನಲ್ಲ, ಈಗ 11. ಅವನ್ನ ಮಣ್ಣಿನ ಸಮೇತ ಎತ್ತಿ ದೊಡ್ಡ ಗ್ರೋ ಬ್ಯಾಗಿಗೆ ಮರಳು ಜಾಸ್ತಿ ಹಾಕಿ ಕೊಟ್ಟಿಗೆ ಸೂರಿನಡಿ ಇಟ್ಟಿದೀನಿ, ಬಿಸಿಲು ಅರ್ಧ ದಿನ ಬೀಳತ್ತೆ ಅಲ್ಲಿ. ಇಷ್ಟು ಸಣ್ಣ ಗಿಡಕ್ಕೆ ಈಗ ಎತ್ತಿದ್ದು ತಪ್ಪಾಯ್ತೋ ಏನೋ, ಆದ್ರೆ ಅಲ್ಲೇ ಬಿಟ್ಟಿದ್ರೆ ದಿನಕ್ಕೆರಡು ಹೋಗ್ತಿತ್ತು.

ಎತ್ತುವಾಗ ನೋಡಿದ್ರೆ ಮೂರು ಗಿಡದಲ್ಲಿ ಹೂವಿದೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ತಿಳಿ ಹಸಿರು ಹಳದಿ, ತಲೆ ಕೆಳಗಾಗಿ ಗಂಟೆ ಥರ ನೇತಾಡ್ತಿದೆ. ಫೋನಲ್ಲಿ ಜೂಮ್ ಮಾಡಿ ನೋಡ್ದೆ, ಎರಡರಲ್ಲಿ ಒಳಗೆ ಕಿತ್ತಳೆ ಬಣ್ಣದ ಪುಡಿ ಇದೆ, ಒಂದ್ರಲ್ಲಿ ಪುಡಿ ಇಲ್ಲ, ಮಧ್ಯ ಹಸಿರು ಗುಂಡು, ಅದ್ರ ಮೇಲೆ ಮೂರು ಕವಲು. ಹಂಗಾದ್ರೆ ಎರಡು ಗಂಡು ಒಂದು ಹೆಣ್ಣು ತಾನೆ? ಹೆಣ್ಣನ್ನ ಕಿತ್ತೆಸೀಬೇಕಾ, ಮನಸ್ಸು ಬರ್ತಿಲ್ಲ.

ಅಪ್ಪ ಆ ಕಡೆ ಧರೆ ಮೇಲಿನ ಶತಾವರಿಗೆ ಒಂದು ಗೂಟ ಹುಗಿದು ಬಳ್ಳಿ ಕಟ್ತಾ ಇದಾರೆ, ಬೇಕಂತಲೇ, ನಂಗೆ ಕಾಣ್ಲಿ ಅಂತ.

ಹೆಗ್ಗೋಡು ಹಿತ್ತಲು:

ಹೌದು ಸರಿಯಾಗೇ ಗುರುತು ಹಿಡ್ದಿದೀರಿ. ಕೀಳ್ಬೇಡಿ ಮಾರಾಯ್ರೆ, 11ರಲ್ಲಿ ಒಂದು ಹೆಣ್ಣಿದ್ರೆ ನಿಮ್ಗೇ ಬೀಜ ಆಗ್ತದೆ, ಇಲ್ಲಿ ಬದುಕಿ ಉಳಿದ ಗಿಡದ ಬೀಜ ಅಲ್ವ. ಹಣ್ಣು ಕೆಂಪಾದ್ಮೇಲೆ ಹಿಚುಕಿ ತೊಳೆದು ನೆರಳಲ್ಲಿ ಒಣಗ್ಸಿ ಇಡಿ, ಒಂದು ಹಣ್ಣಲ್ಲಿ ಕಪ್ಪು ಬೀಜ ನಾಲ್ಕೈದು ಸಿಗ್ತದೆ, ಹಾಕೋ ಹಿಂದಿನ ರಾತ್ರಿ ನೀರಲ್ಲಿ ನೆನೆಸಿ. ನಂಗೂ ಒಂದಿಷ್ಟು ಕಳ್ಸಿ, ನನ್ನ ಹತ್ರ ಇರೋವು 22ಕ್ಕೆ 19 ಗಂಡು. ಬ್ಯಾಗಿಗೆ ಈ ವಾರ ನೀರು ಹಾಕ್ಬೇಡಿ, ಗೊಬ್ಬರನೂ ಬೇಡ, ಕೊಟ್ಟಿಗೆ ಸೂರಿನ ಹನಿ ಬುಡಕ್ಕೆ ಬೀಳ್ತಿದ್ಯಾ ನೋಡ್ಕೊಳ್ಳಿ.